ಎರಡು ವರ್ಷಕ್ಕಿಂತ ಜಾಸ್ತಿ ಕೌನ್ಸೆಲಿಂಗ್ ತಗೊಂಡೆ, ದುಡ್ಡಿಗೆ ತಕ್ಕ ಹಾಗಿತ್ತಾ?

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಮ್ಯಾಥ್ಸ್ ಟೀಚರ್, ವಯಸ್ಸು 49. 2023ರ ಜುಲೈನಿಂದ ಇಲ್ಲಿವರೆಗೆ 34 ಸೆಷನ್ ಆಗಿದೆ, ಲೆಕ್ಕ ಇಡೋ ಚಟ ಇರೋದ್ರಿಂದ ಎಲ್ಲ ಒಂದು ಹಳೇ ಮಾರ್ಕ್ಸ್ ರಿಜಿಸ್ಟರ್‌ನಲ್ಲಿ ಬರ್ದಿಟ್ಟಿದೀನಿ. ಸ್ಟಾರ್ ಕೊಡಿ ಅಂದ್ರೆ ಕೌನ್ಸೆಲರ್‌ಗೆ ಐದಕ್ಕೆ ಐದು, ಅವರು ಕೂತ್ಕೊಳ್ತಿದ್ದ ಕ್ಲಿನಿಕ್‌ಗೆ ಎರಡೂವರೆ, ಅದಕ್ಕೂ ಮುಂಚೆ ನಾನು ದುಡ್ಡು ಸುರಿದ ಕೌನ್ಸೆಲಿಂಗ್ ಆ್ಯಪ್‌ಗೆ ಒಂದು, ಅದೂ ಕೊಡ್ಲೇಬೇಕಲ್ಲ ಅಂತ.

ಆ ವರ್ಷ ಜನವರಿಯಲ್ಲಿ ಅಮ್ಮ ಹೋದ್ರು. ಜೂನ್‌ನಲ್ಲಿ ಮಗಳು ಕೆಲಸ ಸಿಕ್ತು ಅಂತ ಪುಣೆಗೆ ಹೋದ್ಲು. ನಡುವೆ ಮುಟ್ಟು ಎರಡು ತಿಂಗಳಿಗೊಮ್ಮೆ ಮೂರು ತಿಂಗಳಿಗೊಮ್ಮೆ ಆಗೋಕೆ ಶುರುವಾಗಿತ್ತು. ಯಾವುದಕ್ಕೂ ನಾನು ಅಳ್ಲಿಲ್ಲ, ಎಲ್ಲರೂ ಏನ್ ಗಟ್ಟಿಗಿತ್ತಿ ಅಂದ್ರು. ಆಮೇಲೆ ಒಂದಿನ ಒಂಬತ್ತನೇ ಕ್ಲಾಸಲ್ಲಿ ಬೋರ್ಡ್ ಮೇಲೆ ಬರೀತಾ ಇದ್ದಾಗ ಎದೆ ಧಸಕ್ ಅಂತು, ಕೈಕಾಲು ತಣ್ಣಗಾಯ್ತು, ಉಸಿರು ಒಳಗೆ ಹೋಗ್ತಾನೇ ಇಲ್ಲ ಅನ್ನಿಸ್ತು, ಮಕ್ಕಳು ಓಡಿ ಹೋಗಿ ಹೆಡ್‌ಮಾಸ್ಟರ್‌ನ ಕರ್ಕೊಂಡು ಬಂದ್ರು, ಅವರ ಕಾರಲ್ಲೇ ಆಸ್ಪತ್ರೆಗೆ. ಇಸಿಜಿ ನಾರ್ಮಲ್. ಎಕೋ ನಾರ್ಮಲ್. ಗ್ಯಾಸ್ ಇರ್ಬೇಕು ಮೇಡಂ, ಟೆನ್ಶನ್ ಮಾಡ್ಕೋಬೇಡಿ ಅಂತ ಮಾತ್ರೆ ಕೊಟ್ಟು ಕಳ್ಸಿದ್ರು. ನಮ್ಮತ್ತೆ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದ್ರು, ಘಾಟು ಬರ್ಲಿಲ್ಲ ನೋಡು ದೃಷ್ಟಿನೇ ಅಂದ್ರು. ಬೈಯ್ಯೋಕೆ ಹೇಳ್ತಿಲ್ಲ, ಆ ವಾರ ನನ್ನ ಪಕ್ಕ ಬಂದು ಕೂತೋರು ಅವರೊಬ್ರೇ.

ಅದಾದ್ಮೇಲೆ ಮೂರೇ ವಾರದಲ್ಲಿ ಐದು ಸಲ ಹಂಗೇ ಆಯ್ತು. ಬಸ್ ಹತ್ತೋದು ಬಿಟ್ಟೆ. ಪ್ರೇಯರ್‌ನಲ್ಲಿ ಗೇಟ್ ಹತ್ರ ನಿಲ್ತಿದ್ದೆ. ಮದುವೆ ಮನೆಗೆ ಹೋದ್ರೆ ಬಾಗಿಲ ಪಕ್ಕದ ಕುರ್ಚಿನೇ ಬೇಕು. ಬ್ಯಾಗಲ್ಲಿ ನೀರಿನ ಬಾಟ್ಲಿ, ಗ್ಲೂಕೋಸ್, ಗ್ಯಾಸ್ ಮಾತ್ರೆ, ಆಧಾರ್ ಕಾರ್ಡ್ ಜೆರಾಕ್ಸ್ (ಬಿದ್ರೆ ಯಾರು ಅಂತ ಗೊತ್ತಾಗ್ಲಿ ಅಂತ, ಈಗ ನೆನೆಸ್ಕೊಂಡ್ರೆ ನಗು ಬರುತ್ತೆ, ಆಗ ಬರ್ತಿರ್ಲಿಲ್ಲ).

ಆ್ಯಪ್ ವಿಷ್ಯ ಬೇಗ ಮುಗಿಸ್ತೀನಿ. ನಾಲ್ಕು ಸೆಷನ್ ಪ್ಯಾಕೇಜ್, 4,500 ರೂಪಾಯಿ. ಭಾಷೆ ಕನ್ನಡ ಅಂತ ಆರಿಸಿದ್ರೆ ಇಬ್ಬರದೇ ಹೆಸ್ರು ಬಂತು, ಇಬ್ಬರಿಗೂ ಸ್ಲಾಟ್ ಇಲ್ಲ, ಸರಿ ಇಂಗ್ಲಿಷೇ ಆಗ್ಲಿ ಅಂತ ಒಪ್ಕೊಂಡೆ. ಬಿಎಸ್ಸಿ ಬಿಎಡ್ ಮಾಡಿದೋಳು, ಇಂಗ್ಲಿಷ್ ಬರುತ್ತೆ. ಆದ್ರೆ ಇಂಗ್ಲಿಷಲ್ಲಿ ನಾನು ಮಾಡ್ತಿದ್ದಿದ್ದು ವರದಿ. ನಿದ್ದೆ ಸರಿಯಿಲ್ಲ, ಆಂಕ್ಸೈಟಿ ಇದೆ, ತಾಯಿ ತೀರ್ಕೊಂಡ್ರು, ಮಗಳು ರಿಲೊಕೇಟ್ ಆದ್ಲು. ಎಲ್ಲ ವಾಕ್ಯ ಸರಿ ಇತ್ತು, ಇನ್ಸ್‌ಪೆಕ್ಷನ್‌ಗೆ ಬಂದೋರಿಗೆ ಹೇಳ್ದಂಗೆ. ಆ್ಯಪ್‌ನಲ್ಲಿ ಸಿಕ್ಕ ಕೌನ್ಸೆಲರ್ ಹುಡುಗಿ ಪಾಪ ಒಳ್ಳೇದಾಗೇ ಕೇಳಿಸ್ಕೊಳ್ತಿದ್ಲು, ಆದ್ರೆ ನಾಲ್ಕು ಸೆಷನ್ ಮುಗಿದ್ರೂ ನನ್ನೊಳಗಿಂದ ಏನೂ ಹೊರಗೆ ಬರ್ಲಿಲ್ಲ. ದುಡ್ಡು ವಾಪಸ್ ಕೇಳೋಣ ಅಂದ್ರೆ ಕಸ್ಟಮರ್ ಕೇರ್‌ನಲ್ಲಿ ಬಾಟ್ ಉತ್ತರ ಕೊಡ್ತಿತ್ತು, ಬಿಟ್ಟಾಕಿದೆ.

ಅದಾದ್ಮೇಲೆ ಒಂದು ರಾತ್ರಿ ಎರಡು ಗಂಟೆಗೆ ಎದ್ದು ಕೂತಿದ್ದೆ, ಮೈಯೆಲ್ಲ ಬೆವರು, ಮನೆಯವರು ಗೊರಕೆ ಹೊಡೀತಿದಾರೆ, ಎಬ್ಬಿಸೋಕೆ ನಾಚಿಕೆ. ಸ್ಟಾಫ್ ರೂಮಿನ ಗೋಡೆ ಮೇಲೆ ಟೆಲಿ ಮಾನಸ್ ಅನ್ನೋ ಮನಸ್ಸಿನ ಕಷ್ಟಕ್ಕಿರೋ ಸಹಾಯವಾಣಿ ಪೋಸ್ಟರ್ ಇತ್ತು, 14416 ಅಂತ, ನಂಬರ್ ಹೆಂಗೋ ತಲೇಲಿ ಕೂತಿತ್ತು. ಇದು 2022ರ ಅಕ್ಟೋಬರ್ 10ಕ್ಕೆ ಶುರುವಾದ ಸರ್ಕಾರದ್ದು, ಹಿಂದೆ ನಿಮ್ಹಾನ್ಸ್ ಇದೆ, 24 ಗಂಟೆನೂ ಇರುತ್ತೆ, ದುಡ್ಡಿಲ್ಲ. ಕನ್ನಡ ಆರಿಸಿದೆ. ಒಬ್ಬ ಹೆಣ್ಮಗಳು ಎತ್ತಿ ಹೇಳಿ ಅಕ್ಕ ಅಂದ್ಲು. ಅಷ್ಟೇ. ಜೀವಕ್ಕೆ ಸಮಾಧಾನನೇ ಇಲ್ಲ ಕಣಮ್ಮ ಅಂದೆ, ಆ ಮಾತು ಬಾಯಿಂದ ಬಂದಿದ್ದೇ ತಡ ಅಮ್ಮ ಸತ್ತಾಗ ಬರ್ದೇ ಇದ್ದ ಅಳು ಎಲ್ಲಾ ಬಂತು, ಅಡುಗೆಮನೆ ನೆಲದ ಮೇಲೆ ಕೂತು ಎಷ್ಟೊತ್ತು ಅತ್ತೆನೋ ಗೊತ್ತಿಲ್ಲ. ಆ ಹುಡುಗಿ ಇರಿ ಅಕ್ಕ, ಅವಸರ ಇಲ್ಲ ಅಂತಿದ್ಲು. ಕೊನೆಗೆ ಇಲ್ಲೇ ದಾವಣಗೆರೆಯಲ್ಲಿ ಯಾರನ್ನಾದ್ರೂ ಎದುರಾಎದುರು ನೋಡಿ ಅಂದ್ಲು. ಕನ್ನಡದಲ್ಲಿ ಮಾತಾಡೋರನ್ನೇ ಹುಡುಕ್ಬೇಕು ಅಂತ ನಾನು ತೀರ್ಮಾನ ಮಾಡಿದ್ದು ಅವತ್ತೇ.

ಸಿಕ್ಕಿದ್ದು ಒಂದು ಪ್ರೈವೇಟ್ ಕ್ಲಿನಿಕ್, 50 ನಿಮಿಷಕ್ಕೆ 700 ರೂಪಾಯಿ. ಕೌನ್ಸೆಲರ್ ಅಂತ ಬೋರ್ಡ್ ಹಾಕೋರಲ್ಲಿ ನಾನಾ ಥರದೋರು ಇದಾರೆ, ಅದಕ್ಕೆ ಮೊದ್ಲು ಕ್ವಾಲಿಫಿಕೇಶನ್ ಕೇಳಿ. ಇವರು ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂಫಿಲ್ ಮಾಡಿದೋರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನ ನೋಂದಾಯಿಸೋ ಭಾರತೀಯ ಪುನರ್ವಸತಿ ಪರಿಷತ್ತು ಅಂದ್ರೆ ಆರ್‌ಸಿಐ ರಿಜಿಸ್ಟ್ರೇಶನ್ ಇತ್ತು, ಕೇಳಿದ್ದಕ್ಕೆ ಬೇಜಾರೂ ಮಾಡ್ಕೊಳ್ದೇ ನಂಬರ್ ತೋರ್ಸಿದ್ರು. ಮಾತ್ರೆ ಬರ್ಕೊಡೋದು ಸೈಕಾಲಜಿಸ್ಟ್ ಅಲ್ಲ, ಸೈಕಿಯಾಟ್ರಿಸ್ಟ್, ಈ ವ್ಯತ್ಯಾಸ ನನಗೂ ಗೊತ್ತಿರ್ಲಿಲ್ಲ.

ಮೊದಲ ದಿನ ಏಳು ಪ್ರಶ್ನೆದು ಒಂದು ಫಾರ್ಮ್, ಆಂಕ್ಸೈಟಿ ಎಷ್ಟಿದೆ ಅಂತ ಅಳೆಯೋದು, ಜಿಎಡಿ-7 ಅಂತ. ಒಂದೊಂದಕ್ಕೂ ಸೊನ್ನೆಯಿಂದ ಮೂರು, ಒಟ್ಟು 21. 15 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ತೀವ್ರ ಅಂತ ಲೆಕ್ಕ, ನಂದು 17 ಬಂತು. ಇಷ್ಟು ಮಾರ್ಕ್ಸ್ ನಮ್ಮ ಹುಡುಗ್ರಿಗೆ ಬಂದಿದ್ರೆ ಅಂದೆ, ಆಯಮ್ಮ ಜೋರಾಗಿ ನಕ್ಬಿಟ್ರು. ಅಲ್ಲಿಗೆ ನನಗೆ ಅವರು ಇಷ್ಟ ಆದ್ರು. ಆಂಕ್ಸೈಟಿ ಅನ್ನೋ ಪದ ಪಕ್ಕಕ್ಕಿಡಿ, ನಿಮ್ಮನೇಲಿ ಇದಕ್ಕೆ ಏನಂತಾರೆ ಅಂತ ಕೇಳಿದ್ರು. ಗಾಬರಿ ಅಂತೀವಿ, ಸಂಕಟ ಅಂತೀವಿ, ನಮ್ಮಮ್ಮ ಹೊಟ್ಟೇಲಿ ಕಲಸಿದಂಗಾಗುತ್ತೆ ಅಂತಿದ್ಲು ಅಂದೆ. ನಾನೇ ಆ ಮಾತು ಕೇಳಿ ಸುಮ್ಮನಾದೆ. ಅಮ್ಮನಿಗೂ ಇದೇ ಇತ್ತು, ಜಾತ್ರೆಗೆ ಬರ್ತಿರ್ಲಿಲ್ಲ, ಸಿನಿಮಾಗೆ ಬರ್ತಿರ್ಲಿಲ್ಲ, ನಾವೆಲ್ಲ ಅವ್ಳಿಗೆ ಮನೆ ಬಿಟ್ಟು ಬರೋಕೆ ಇಷ್ಟ ಇಲ್ಲ ಅಂದ್ಕೊಂಡಿದ್ವಿ. ಇಂಗ್ಲಿಷಲ್ಲಿ ನಾಲ್ಕು ಸೆಷನ್ ಮಾತಾಡಿದ್ರೂ ಇದು ನನ್ನ ನೆನಪಿಗೇ ಬಂದಿರ್ಲಿಲ್ಲ.

ಕೌನ್ಸೆಲಿಂಗ್ ಅಂದ್ರೆ ಬುದ್ಧಿ ಹೇಳ್ತಾರೆ, ಧೈರ್ಯ ತಗೋ ಅಂತಾರೆ ಅಂದ್ಕೊಂಡಿದ್ದೆ. ಇವರು ಧೈರ್ಯ ತಗೋ ಅಂತ ಒಂದ್ಸಲನೂ ಹೇಳ್ಲಿಲ್ಲ, ಹೋಮ್‌ವರ್ಕ್ ಕೊಟ್ರು. ಚಿಂತೆ ಬಂದಾಗೆಲ್ಲ ಒಂದು ಸಾಲು ಬರ್ದು ಸಂಜೆ ಐದೂವರೆಗೆ ಇಪ್ಪತ್ತು ನಿಮಿಷ ಕೂತು ಎಲ್ಲಾನೂ ಒಟ್ಟಿಗೆ ಚಿಂತೆ ಮಾಡ್ಬೇಕು, ಬೇರೆ ಟೈಮಲ್ಲಿ ಬಂದ್ರೆ ಸಂಜೆ ಬಾ ಅನ್ಬೇಕು. ಹುಚ್ಚು ಅನ್ನಿಸ್ತು. ಆದ್ರೆ ಎರಡನೇ ವಾರಕ್ಕೆ ಐದೂವರೆಗೆ ಲಿಸ್ಟ್ ನೋಡಿದ್ರೆ ಅರ್ಧದಷ್ಟಕ್ಕೆ ಏನು ಚಿಂತೆ ಮಾಡ್ಬೇಕು ಅಂತಾನೇ ಹೊಳೀತಿರ್ಲಿಲ್ಲ, ಮಂಡಕ್ಕಿ ಮಿರ್ಚಿ ತಿಂತಾ ಕೂತಿರ್ತಿದ್ದೆ.

ಆರನೇ ಸೆಷನ್ ಮರೆಯೋಕಾಗಲ್ಲ. ಸೀರೆ ಸೆರಗು ಸಿಕ್ಕಿಸ್ಕೊಳ್ಳಿ ಮೇಡಂ ಅಂದ್ರು, ನಿಂತಲ್ಲೇ ಒಂದು ನಿಮಿಷ ಓಡಿ ಅಂದ್ರು. ಅವರೂ ಜೊತೆಗೆ ಓಡಿದ್ರು. ಎದೆ ಹೊಡ್ಕೊಳ್ಳೋಕೆ ಶುರುವಾಯ್ತು, ನನಗೆ ಅದೇ ಭಯ ಬಂತು, ಕೂತ್ಕೊಳ್ತೀನಿ ಅಂದೆ, ಬೇಡ ನಿಂತು ನೋಡಿ ಏನಾಗುತ್ತೆ ಅಂದ್ರು. ಏನೂ ಆಗ್ಲಿಲ್ಲ, ಕೆಲವೇ ನಿಮಿಷದಲ್ಲಿ ತಾನಾಗೇ ಇಳೀತು. ಎದೆ ಢವಢವ ಅನ್ನೋದಕ್ಕೂ ಸಾಯ್ತೀನಿ ಅನ್ನೋದಕ್ಕೂ ಮಧ್ಯೆ ನಾನು ಒಂದು ಈಕ್ವಲ್ ಟು ಚಿಹ್ನೆ ಹಾಕಿದ್ದೆ, ಅದನ್ನ ಅಳಿಸೋಕೆ ಹತ್ತು ಸಲ ಓಡಿಸಿದ್ರು, ಸ್ಟ್ರಾನಲ್ಲಿ ಉಸಿರಾಡಿಸಿದ್ರು, ತಿರುಗೋ ಕುರ್ಚಿಯಲ್ಲಿ ತಿರುಗಿಸಿದ್ರು. ಇದೆಲ್ಲ ಹಾರ್ಟ್ ಸರಿ ಇದೆ ಅಂತ ರಿಪೋರ್ಟ್ ನೋಡಿದ ಮೇಲೇ ಮಾಡ್ಸಿದ್ದು, ಓದ್ಬಿಟ್ಟು ಮನೇಲಿ ನೀವೇ ಶುರು ಮಾಡ್ಬೇಡಿ.

ಆಮೇಲೆ ಬಸ್ಸು. ಮೊದ್ಲು ಬಸ್ ಸ್ಟ್ಯಾಂಡ್‌ನಲ್ಲಿ ಸುಮ್ನೆ ನಿಲ್ಲೋದು. ಆಮೇಲೆ ಹರಿಹರದವರೆಗೆ, ಅದೂ ಮನೆಯವರ ಜೊತೆ. ಆಮೇಲೆ ಒಬ್ಳೇ. ಆಮೇಲೆ ನೀರಿನ ಬಾಟ್ಲಿ ಇಲ್ದೇ, ಈ ಒಂದು ಹೆಜ್ಜೆಗೆ ಮೂರು ವಾರ ಹಿಡೀತು, ಬಾಟ್ಲಿ ಬಿಡೋದು ಬಸ್ ಹತ್ತೋದಕ್ಕಿಂತ ಕಷ್ಟ ಆಗಿತ್ತು. ಆಮೇಲೆ ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ. ನಮ್ಮೂರಲ್ಲಿ ಪಿಬಿ ರೋಡ್ ಅಂದ್ರೆ ಪೂನಾ ಬೆಂಗಳೂರು ರೋಡ್, ಮಗಳಿದ್ದ ಊರಿನ ಹೆಸ್ರಿನ ರೋಡ್‌ನಲ್ಲೇ ದಿನಾ ಸ್ಕೂಲಿಗೆ ಹೋಗ್ತಿದ್ದೆ, ಆದ್ರೆ ಒಂದು ವರ್ಷ ಅವಳನ್ನ ನೋಡೋಕೆ ಹೋಗೋಕಾಗ್ಲಿಲ್ಲ.

ಕೌನ್ಸೆಲರ್ ಮಾಡಿದ ಇನ್ನೊಂದು ಒಳ್ಳೇ ಕೆಲಸ, ನನ್ನನ್ನ ಗೈನಕಾಲಜಿಸ್ಟ್ ಹತ್ರ ಕಳ್ಸಿದ್ದು. ಥೈರಾಯ್ಡ್ ಟಿಎಸ್‌ಎಚ್ ಮಾಡ್ಸಿ, ಹಿಮೋಗ್ಲೋಬಿನ್ ನೋಡ್ಸಿ, ಇವೆರಡರಲ್ಲಿ ಯಾವುದು ಏರುಪೇರಾದ್ರೂ ಎದೆ ಹೊಡ್ಕೊಳ್ಳುತ್ತೆ ಅಂದ್ರು. ಥೈರಾಯ್ಡ್ ಸರಿ ಇತ್ತು, ರಕ್ತ ಕಮ್ಮಿ ಇತ್ತು. ಮುಟ್ಟು ನಿಲ್ಲೋ ಮುಂಚಿನ ವರ್ಷಗಳಲ್ಲಿ ಹಾರ್ಮೋನ್ ಏರಿಳಿತಕ್ಕೆ ಮೈ ಬಿಸಿ ಹೊಡೆಯೋದು, ರಾತ್ರಿ ಬೆವರೋದು, ನಿದ್ದೆ ಕೆಡೋದು, ಮನಸ್ಸು ಹಾರೋದು ಎಲ್ಲಾ ಇರುತ್ತಂತೆ, ನನಗೆ ಯಾರೂ ಹೇಳಿರ್ಲಿಲ್ಲ. ರಿಜಿಸ್ಟರ್‌ನಲ್ಲಿ ಕಾಲಂ ಹಾಕಿ ಮೊದ್ಲು ಬೆವರಾ ಮೊದ್ಲು ಭಯನಾ ಅಂತ ಬರೀತಾ ಹೋದೆ, ರಾತ್ರಿದೆಲ್ಲ ಹೆಚ್ಚುಕಮ್ಮಿ ಬೆವರೇ ಮೊದ್ಲು. ಭಯ ಅದರ ಹಿಂದೆ ಬರ್ತಿತ್ತು. ಅದು ಗೊತ್ತಾದ್ಮೇಲೆ ಫ್ಯಾನ್ ಜೋರು ಮಾಡಿ ಮಲಗೋದು ಕಲ್ತೆ.

ಮಾತ್ರೆನೂ ತಗೊಂಡೆ, ಮುಚ್ಚಿಡಲ್ಲ. ಸೈಕಿಯಾಟ್ರಿಸ್ಟ್ ಕಮ್ಮಿ ಡೋಸ್ ಎಸ್ಸಿಟಾಲೋಪ್ರಾಮ್ ಅಂತ ಆಂಕ್ಸೈಟಿ ಮಾತ್ರೆ ಕೊಟ್ರು, ಕೆಲಸ ಮಾಡೋಕೆ ಕೆಲವು ವಾರ ಬೇಕು, ಮೊದ್ಲು ಸ್ವಲ್ಪ ಜಾಸ್ತಿನೇ ಆಗ್ಬಹುದು ಅಂತ ಮೊದ್ಲೇ ಹೇಳಿದ್ರು, ಹಂಗೇ ಆಯ್ತು, ಹತ್ತು ದಿನ ವಾಕರಿಕೆ. ಹನ್ನೊಂದು ತಿಂಗಳು ತಗೊಂಡು ಅವರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಿ ನಿಲ್ಸಿದೆ. ನಮ್ಮ ಸ್ಟಾಫಲ್ಲಿ ಒಬ್ರು ಇಂಥದ್ದೇ ಮಾತ್ರೆ ಹುಷಾರಾಯ್ತು ಅಂತ ತಾವೇ ಒಂದೇ ದಿನ ನಿಲ್ಸಿ ತಲೆಸುತ್ತು ಬಂದು ಒದ್ದಾಡಿದ್ರು.

ಈಗ ಕ್ಲಿನಿಕ್‌ಗೆ ಯಾಕೆ ಎರಡೂವರೆ. ಒಂದು, ಗೋಡೆ ತೆಳು, ಪಕ್ಕದ ರೂಮಲ್ಲಿ ಯಾರೋ ಗಂಡಹೆಂಡತಿ ಜಗಳ ನನಗೆ ಕೇಳ್ತಿತ್ತು ಅಂದ್ರೆ ನಂದು ಅವರಿಗೆ ಕೇಳಿರುತ್ತೆ. ಎರಡು, ರಿಸೆಪ್ಷನ್ ಹುಡುಗಿ ಪೂರ್ತಿ ಹೆಸ್ರು ಕೂಗಿ ಕರೀತಿದ್ಲು, ನನ್ನ ಸ್ಟೂಡೆಂಟ್ ಒಬ್ಬನ ತಾಯಿ ಅಲ್ಲೇ ಕೂತಿದ್ರು, ಇಬ್ರೂ ಸೀಲಿಂಗ್ ನೋಡಿದ್ವಿ. ಮೂರನೇದು ಎಲ್ಲಕ್ಕಿಂತ ಕೆಟ್ಟದ್ದು, ಅಪಾಯಿಂಟ್‌ಮೆಂಟ್ ಮೆಸೇಜ್ ನನ್ನ ನಂಬರ್‌ಗೆ ಕಳ್ಸೋ ಬದ್ಲು ಮನೆ ನಂಬರ್‌ಗೆ ಕಳ್ಸಿದ್ರು, ಆ ಫೋನ್ ನಮ್ಮ ಮೈದುನನ ಹತ್ರ ಇರುತ್ತೆ. ಆಮೇಲಿನ ಹಬ್ಬಕ್ಕೆ ಇಡೀ ಮನೆ ನನ್ನ ಹತ್ರ ಗಾಜಿನ ಲೋಟದ ಥರ ಮೆತ್ತಗೆ ಮಾತಾಡಿತು. ಹೋಗಿ ಬೈದೆ, ಸಾರಿ ಮೇಡಂ ಸಿಸ್ಟಂದು ಅಂದ್ರು.

ಒಂಬತ್ತನೇ ತಿಂಗಳಲ್ಲಿ ಕೌನ್ಸೆಲರ್ ಬೇರೆ ಊರಿಗೆ ಹೋದ್ರು, ಆ ವಿಷ್ಯ ನಾನು ಕ್ಲಿನಿಕ್‌ಗೆ ಹೋಗಿ ಕೂತ್ಮೇಲೆ ಹೇಳಿದ್ರು. ಹೊಸಬರು ಮೊದಲಿಂದ ಹೇಳಿ ಅಂದ್ರು. ಅಮ್ಮನ ಸಾವನ್ನ ಮತ್ತೆ ಮೊದಲಿಂದ ಯಾರು ಹೇಳ್ತಾರೆ? ಎರಡು ಸೆಷನ್ ಹೋಗಿ ಬಿಟ್ಟೆ, ಹಳೇಬರನ್ನ ಹುಡುಕಿ ಈಗ ವಿಡಿಯೋ ಕಾಲ್‌ನಲ್ಲಿ ತಿಂಗಳಿಗೊಮ್ಮೆ. ಅದರದ್ದೇ ಒಂದು ಕಷ್ಟ, ಮನೇಲಿ ಹೆಂಗಸಿಗೆ ಅಂತ ಒಂದು ಬಾಗಿಲು ಹಾಕ್ಕೊಳ್ಳೋ ಜಾಗ ಎಲ್ಲಿರುತ್ತೆ ಹೇಳಿ. ನಾನು ತಾರಸಿಯಲ್ಲಿ ನೀರಿನ ಟ್ಯಾಂಕ್ ಹಿಂದೆ ಕೂತ್ಕೊಳ್ತೀನಿ, ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲಿಗೆ ಬೆಳಿಗ್ಗೆ ಆರೂವರೆ ಸ್ಲಾಟ್ ಬೇಡ್ಕೊಂಡಿದ್ದೆ.

ದುಡ್ಡಿನ ಮಾತು: 34ಕ್ಕೆ 700ರ ಹಾಗೆ 23,800, ಮಾತ್ರೆ ಟೆಸ್ಟ್ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇನ್ಶೂರೆನ್ಸ್‌ನವರು ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆ ಥರಾನೇ ಕವರ್ ಕೊಡ್ಬೇಕು ಅಂತ ಇದೆ, ಆದ್ರೆ ನನ್ನ ಪಾಲಿಸಿಯಲ್ಲಿ ಅಡ್ಮಿಟ್ ಆದ್ರೆ ಮಾತ್ರ, ಓಪಿಡಿ ಇಲ್ಲ, ಹಂಗಾಗಿ ಎಲ್ಲ ಕೈಯಿಂದಾನೇ. ಸಂಬಳ ಇದೆ, ಕೊಟ್ಟೆ. ನಮ್ಮ ಸ್ಕೂಲಿನ ಆಯಾಗೂ ಇದೇ ಥರ ಆದಾಗ ತಾಲ್ಲೂಕು ಆಸ್ಪತ್ರೆಗೆ ಕಳ್ಸಿದೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಸೈಕಿಯಾಟ್ರಿಸ್ಟ್ ಬರ್ತಾರೆ, ದುಡ್ಡಿಲ್ದೇ ನೋಡಿದ್ರು.

ಆ ಏಳು ಪ್ರಶ್ನೆ ಫಾರ್ಮ್‌ನಲ್ಲಿ ಈಗ ಸ್ಕೋರ್ 6. ಗಾಬರಿ ಹೋಗಿದೆ ಅಂತ ಹೇಳಲ್ಲ, ಹೋದ ತಿಂಗಳು ಕೂಡ ಹಾವೇರಿ ದಾಟಿದ್ಮೇಲೆ ಬಸ್ಸಲ್ಲಿ ಬಂತು, ಕಿಟಕಿ ಪಕ್ಕ ಕೂತು ಬಾರಪ್ಪ ಅಂದೆ, ಹುಬ್ಬಳ್ಳಿ ಬರೋ ಹೊತ್ತಿಗೆ ಇಳ್ಕೊಂಡಿತ್ತು. ಅಲ್ಲಿಂದ ಪುಣೆ ಬಸ್ ಹಿಡಿದು ಮಗಳ ಅಪಾರ್ಟ್‌ಮೆಂಟ್ ಮುಂದೆ ಇಳಿದೆ. ಅವಳ ಮನೆ ಏಳನೇ ಫ್ಲೋರ್. ಲಿಫ್ಟ್ ಬಾಗಿಲು ತೆಗೀತು, ಒಳಗೆ ಕಾಲಿಡೋಕೆ ಆಗ್ಲಿಲ್ಲ, ಬ್ಯಾಗು, ಉಪ್ಪಿನಕಾಯಿ ಡಬ್ಬಿ ಎಲ್ಲ ಮಗಳ ಕೈಗೆ ಕೊಟ್ಟು ನೀನು ಹೋಗು ಅಂತ ಮೆಟ್ಲು ಹತ್ತಿದೆ. ಮೇಲೆ ಹೋಗಿ ನಿಂತಾಗ ಎದೆ ಆರನೇ ಸೆಷನ್‌ಗಿಂತ ಜೋರಾಗಿ ಹೊಡ್ಕೊಳ್ತಿತ್ತು. ಏಳು ಮಹಡಿ ಹತ್ತಿದ್ದಕ್ಕೆ ಹೊಡ್ಕೊಳ್ತಿದೆ ಅಂದ್ಕೊಂಡು ಚಪ್ಪಲಿ ಬಿಟ್ಟು ಒಳಗೆ ಹೋಗಿ ಚಾ ಕೇಳಿದೆ. ಕೌನ್ಸೆಲರ್‌ಗೆ ಇದನ್ನ ದೊಡ್ಡ ಸಾಧನೆ ಥರ ಹೇಳಿದ್ರೆ ಎಲ್ಲ ಕೇಳಿ, ಸರಿ ಮೇಡಂ, ಹಂಗಾದ್ರೆ ಮುಂದಿನ ಹೋಮ್‌ವರ್ಕ್ ಲಿಫ್ಟ್ ಅಂದ್ರು.