ಒಂದೇ ಕಥೆ, ಮೂರು ಧಾಟಿ: ಯಾವ ಆಡಿಯೋ ನಾಟಕದ ದಾರಿ ಹಿಡಿಯೋದು?

ಕಥೆಯ ಪಾಡ್‌ಕಾಸ್ಟ್ ಮಾಡ್ತೇನೆ ಅಂದರೆ ಸಾಕು, ಗೆಳೆಯರು ಇಂಗ್ಲಿಷಿನ ಮೂರು ಆಡಿಯೋ ನಾಟಕಗಳ ಹೆಸರು ಹೇಳುತ್ತಾರೆ: ‘ವೆಲ್‌ಕಮ್ ಟು ನೈಟ್ ವೇಲ್’, ‘ಹೋಮ್‌ಕಮಿಂಗ್’, ‘ದಿ ಮ್ಯಾಗ್ನಸ್ ಆರ್ಕೈವ್ಸ್’. ಕೇಳಲು ಮೂರೂ ಚೆನ್ನಾಗಿವೆ. ಆದರೆ ಉಡುಪಿಯ ಒಂದು ಹಂಚಿನ ಮನೆಯಲ್ಲಿ, ಒಂದೇ ಮೈಕ್ ಇಟ್ಟುಕೊಂಡು ಕೂತವರಿಗೆ ಯಾವುದು ಒಗ್ಗುತ್ತದೆ? ನನ್ನದೊಂದು ಸಣ್ಣ ಕಥೆಯನ್ನು ಮೂರೂ ಧಾಟಿಯಲ್ಲಿ ರೆಕಾರ್ಡ್ ಮಾಡಿ ನೋಡಿದೆ. ಮಲ್ಪೆಯ ಬೋಟೊಂದು ದಡ ಸೇರಿದ ಮೇಲೂ ವಯರ್‌ಲೆಸ್‌ನಲ್ಲಿ ಅದರ ತಾಂಡೇಲನ, ಅಂದರೆ ಬೋಟು ನಡೆಸುವವನ, ದನಿ ಕೇಳುತ್ತಲೇ ಇರುತ್ತದೆ. ಇಷ್ಟೇ ಕಥೆ.

ಮೊದಲು ‘ನೈಟ್ ವೇಲ್’. 2012ರಲ್ಲಿ ಶುರುವಾದದ್ದು. ಮರುಭೂಮಿಯ ವಿಚಿತ್ರ ಊರೊಂದರ ಸಮುದಾಯ ರೇಡಿಯೋ ಸುದ್ದಿ. ಬಹುಪಾಲು ಸೆಸಿಲ್ ಬಾಲ್ಡ್‌ವಿನ್ ಒಬ್ಬರದೇ ದನಿ. ಹವಾಮಾನ ವರದಿ ಅಂತ ಹೇಳಿ ಹಾಡು ಹಾಕುತ್ತಾರೆ! ಒಬ್ಬರೇ ಮಾತಾಡುವುದು ಅಲ್ವಾ, ಸುಲಭ ಅನಿಸುತ್ತದೆ. ಮಣಿಪಾಲ, ಮಂಗಳೂರಿನ ಸಮುದಾಯ ರೇಡಿಯೋ ಕೇಳಿದವರಿಗೆ ಆ ಧಾಟಿ ಹೊಸದೂ ಅಲ್ಲ. ನಾನು ಬರೆದ ಒಂದು ಸಾಲು: “ಬಂದರಿನಲ್ಲಿ ಇಂದು ಬಂಗುಡೆ ಅಗ್ಗ. ಸತ್ತವರಿಗೆ ಬೇರೆ ರಿಯಾಯಿತಿ ಇಲ್ಲ.” ಇಂಥವು ನಾಲ್ಕು ಸಾಲು ಬಂದವು, ಆಮೇಲೆ ಸರಕು ಖಾಲಿ. ಪ್ರತಿ ವಾಕ್ಯದಲ್ಲೂ ತಮಾಷೆ ಬೇಕು, ತಮಾಷೆ ಜಾಸ್ತಿಯಾದರೆ ಹೆದರಿಕೆ ಹೋಯಿತು. ಕೈಯಲ್ಲಿ ಹಾಸ್ಯ ಇದ್ದವರು ಮಾತ್ರ ಇದಕ್ಕೆ ಇಳಿಯಬಹುದು.

‘ಹೋಮ್‌ಕಮಿಂಗ್’ 2016ರದ್ದು. ಕ್ಯಾಥರೀನ್ ಕೀನರ್, ಆಸ್ಕರ್ ಐಸಾಕ್‌ರಂಥ ಸಿನಿಮಾ ನಟರ ದನಿ. ನಿರೂಪಕರೇ ಇಲ್ಲ. ಫೋನ್ ಕರೆ, ಕೌನ್ಸೆಲಿಂಗ್ ಕೋಣೆಯ ಮಾತು, ಇವುಗಳಲ್ಲೇ ಕಥೆ ಸಾಗುತ್ತದೆ. ನಮ್ಮಲ್ಲಿ ನಟರಿಗೇನೂ ಬರ ಇಲ್ಲ ಮಾರಾಯ್ರೆ. ಆದರೆ ನಾಟಕದವರಿಗೆ ಕೊನೆಯ ಸಾಲಿನವರಿಗೂ ಕೇಳುವಂತೆ ಮಾತಾಡಿ ರೂಢಿ. “ಅಣ್ಣ, ಅದು ನಿಮ್ಮದೇ ದನಿ ಅಲ್ವಾ?” ಎಂಬ ಪಿಸುಮಾತು ಇಡೀ ಸಭೆಗೆ ಕೇಳಿಸಿದ ಹಾಗೆ ಬಂತು. ಕೊನೆಗೆ ಒಬ್ಬರನ್ನು ಪಕ್ಕದ ಕೋಣೆಗೆ ಕಳಿಸಿ ನಿಜವಾಗಿಯೇ ಫೋನ್ ಮಾಡಿಸಿದೆ. ದನಿ ತಾನಾಗಿ ಇಳಿಯಿತು. ಫಲಿತಾಂಶ ಮೂರರಲ್ಲೂ ಇದರದ್ದೇ ಚೆಂದ. ಎಡಿಟಿಂಗ್ ಮಾತ್ರ ಮುಗಿಯುವುದೇ ಇಲ್ಲ.

ನನ್ನ ವೋಟು ‘ಮ್ಯಾಗ್ನಸ್’‌ಗೆ. 2016ರಿಂದ 2021ರವರೆಗೆ 200 ಕಂತು. ಲಂಡನ್ನಿನ ಒಂದು ಸಂಸ್ಥೆಯ ದಾಖಲೆಪಾಲಕ, ವಿಚಿತ್ರ ಅನುಭವ ಕಂಡವರ ಹೇಳಿಕೆಗಳನ್ನು ಟೇಪಿಗೆ ಓದುತ್ತಾ ಹೋಗುತ್ತಾನೆ. ಕೆಲವು ಹೇಳಿಕೆ ಕಂಪ್ಯೂಟರಿನಲ್ಲಿ ಸರಿಯಾಗಿ ರೆಕಾರ್ಡೇ ಆಗುವುದಿಲ್ಲ, ಅದಕ್ಕೇ ಹಳೇ ಟೇಪ್ ರೆಕಾರ್ಡರ್. ಎಂಥ ಉಪಾಯ ನೋಡಿ! ರೆಕಾರ್ಡರ್ ಯಾಕೆ ಓಡುತ್ತಿದೆ ಅನ್ನೋದಕ್ಕೆ ಕಥೆಯೊಳಗೇ ಕಾರಣ ಸಿಕ್ಕಿತು, ಗರಗರ ಸದ್ದಿಗೂ ಮಾಫಿ. ಬರೆದ ಜೊನಾಥನ್ ಸಿಮ್ಸ್ ಅವರೇ ಆ ಪಾತ್ರದ ದನಿ ಕೂಡ.

ನಾನು ಅದನ್ನು ಬಂದರು ಕಚೇರಿಯ ಗುಮಾಸ್ತನ ಕಡತ ಮಾಡಿದೆ: “ಸದರಿ ತಾಂಡೇಲರು ನನ್ನ ಎದುರಿಗೇ ಚಾ ಕುಡಿಯುತ್ತಿದ್ದರು. ಸದರಿಯವರ ದನಿ ಅದೇ ಹೊತ್ತಿಗೆ ವಯರ್‌ಲೆಸ್‌ನಲ್ಲಿ ಬಂತು.” ಕಚೇರಿ ಕನ್ನಡಕ್ಕೆ ಹೆದರಿಸುವ ಶಕ್ತಿ ಇದೆ ಅಂತ ಯಾರಿಗೆ ಗೊತ್ತಿತ್ತು! ಹಂಚಿನ ಮೇಲಿನ ಮಳೆಯನ್ನೂ ಅಳಿಸಬೇಕಾಗಲಿಲ್ಲ. ಗುಮಾಸ್ತನ ಕಚೇರಿಯಲ್ಲೂ ಮಳೆ ಬರುತ್ತದಲ್ಲ.

ಇದರ ಕೊರತೆ ಒಂದೇ. ಎಲ್ಲಾ ಆಗಿಹೋದ ಮೇಲಿನ ಮಾತು. ಎದುರುಬದುರು ಜಗಳ ಕಡಿಮೆ. ಅದಕ್ಕೆ ಮದ್ದು ಯಕ್ಷಗಾನದ್ದೇ ಬಗೆಯಾದ ನಮ್ಮ ತಾಳಮದ್ದಲೆಯಲ್ಲಿ ಸಿಕ್ಕಿತು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವರು, ಮೊದಲು ಪೀಠಿಕೆ ಹಾಕುತ್ತಾರೆ: ತಾನು ಯಾರು, ಯಾಕೆ ಬಂದೆ. ಆಮೇಲೆ ವಾದ. ಕಣ್ಣು ಮುಚ್ಚಿ ಕೇಳಿದರೂ ಯಾರು ಮಾತಾಡುತ್ತಿದ್ದಾರೆ ಅಂತ ಗೊಂದಲ ಆಗುವುದಿಲ್ಲ. ಆ ಪೀಠಿಕೆ ಮಾತ್ರ ಪಾಡ್‌ಕಾಸ್ಟಿಗೆ ಉದ್ದವಾಯಿತು, ಎರಡು ವಾಕ್ಯಕ್ಕೆ ಇಳಿಸಿದೆ. ಎರಡನೇ ಕಂತಿನಲ್ಲಿ ತಾಂಡೇಲನನ್ನೇ ಗುಮಾಸ್ತನ ಎದುರು ಕೂರಿಸಿದ್ದೇನೆ. ವಯರ್‌ಲೆಸ್‌ನಲ್ಲಿ ಮಾತಾಡುತ್ತಿರುವವನೇ ಅಸಲಿ, ಎದುರಿಗೆ ಕೂತ ನೀನು ಯಾರು ಅಂತ ಗುಮಾಸ್ತನ ವಾದ. ತಾಂಡೇಲನ ಬಳಿ ಇನ್ನೂ ಗಟ್ಟಿ ಉತ್ತರ ಇಲ್ಲ, ಬರೆಯುತ್ತಾ ಇದ್ದೇನೆ.