ಬೆಂಗಳೂರು–ಮಂಗಳೂರು: ವಿಮಾನವೋ, ಶಿರಾಡಿ ರಸ್ತೆಯೋ?

ಟಿಕೆಟ್ ಮೇಲೆ ಒಂದು ಗಂಟೆ ಐದು ನಿಮಿಷ ಎಂದಿರುತ್ತದೆ. ಆದರೆ ಲೆಕ್ಕ ಹಾಕಬೇಕಾದ್ದು ಮನೆಬಾಗಿಲಿನಿಂದ. ಜಯನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೆಚ್ಚಿನ ದಿನ ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ. ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಇಳಿದ ಮೇಲೆ ಬ್ಯಾಗಿಗೆ 20 ನಿಮಿಷ, ಬಜ್ಪೆಯ ವಿಮಾನ ನಿಲ್ದಾಣದಿಂದ ಮಂಗಳೂರು ಪೇಟೆಯ ಹಂಪನಕಟ್ಟೆಗೆ 35 ನಿಮಿಷ. ಕೂಡಿಸಿದರೆ ಐದೂಕಾಲು ಗಂಟೆ! ಹೆಬ್ಬಾಳ, ಯಲಹಂಕದವರಿಗೆ ಇದರಲ್ಲಿ ಒಂದು ಗಂಟೆ ಉಳಿಯುತ್ತದೆ, ಅವರಿಗೆ ವಿಮಾನವೇ ಸರಿ. ಪೀಣ್ಯ, ಯಶವಂತಪುರದ ಕಡೆಯವರು ಮಾತ್ರ ಎರಡು ಸಲ ಯೋಚಿಸಬೇಕು, ಮಂಗಳೂರಿನ ಹೆದ್ದಾರಿ ಕವಲೊಡೆಯುವ ನೆಲಮಂಗಲ ಅವರ ಪಕ್ಕದಲ್ಲೇ ಇದೆ.

ಹೆದ್ದಾರಿ 75ರಲ್ಲಿ ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಉಪ್ಪಿನಂಗಡಿ ಮೇಲೆ ಹೋದರೆ ಸುಮಾರು 350 ಕಿ.ಮೀ., ಕಾರಿನಲ್ಲಿ ಏಳು ಗಂಟೆ. ಬೆಳಿಗ್ಗೆ ಆರರೊಳಗೆ ನೆಲಮಂಗಲ ದಾಟಿದರೆ ಹಾಸನದವರೆಗಿನ 185 ಕಿ.ಮೀ. ಮೂರು ಗಂಟೆಯಲ್ಲಿ ಮುಗಿಯುತ್ತದೆ. ಉಳಿದ 165 ಕಿ.ಮೀ.ಗೇ ಹೆಚ್ಚು ಹೊತ್ತು. ಶಿರಾಡಿ ಘಾಟಿಯಲ್ಲಿ ಟ್ಯಾಂಕರ್, ಲಾರಿಗಳು ತೆವಳುತ್ತಾ ಏರುತ್ತವೆ, ತಿರುವಿನಲ್ಲಿ ಒಂದು ಕೆಟ್ಟು ನಿಂತರೆ ಎರಡೂ ಕಡೆ ಸಾಲು.

ಇಳಿಯುವಾಗ ಎರಡನೇ ಅಥವಾ ಮೂರನೇ ಗೇರ್‌ನಲ್ಲಿ, ಎಂಜಿನ್ನಿನ ಹಿಡಿತದಲ್ಲೇ ಇಳಿಸಿ. ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಒತ್ತುತ್ತಲೇ ಇಳಿದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ವಾಸನೆ ಬಂದ ಕೂಡಲೇ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ನೀರು ಮಾತ್ರ ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ.

ಮಳೆಗಾಲದಲ್ಲಿ ಎರಡೂ ದಾರಿಗೆ ಭರವಸೆ ಕಡಿಮೆ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಅಂಥ ದಿನ ಮೈಸೂರು, ಮಡಿಕೇರಿ, ಸಂಪಾಜೆ ಮೇಲೆ ಹೋಗಬಹುದು, ಒಂದೂವರೆ ಗಂಟೆಯಾದರೂ ಹೆಚ್ಚು ಬೇಕು. ಹೊರಡುವ ಮುನ್ನ ಸಂಪಾಜೆ ಘಾಟಿಯೂ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ, ಉದ್ದ 2,450 ಮೀಟರ್, ಅಂಚಿನಾಚೆ ಕಣಿವೆ. ಮೋಡ ಕವಿದು ರನ್‌ವೇ ಕಾಣದಿದ್ದರೆ ಪೈಲಟ್ ಸುತ್ತು ಹೊಡೆದು ಬೆಂಗಳೂರಿಗೇ ವಾಪಸ್ ಬರುವುದುಂಟು, ಅದು ಸರಿಯಾದ ನಿರ್ಧಾರವೇ. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ದಿನದ ಕೊನೆಯ ವಿಮಾನಕ್ಕೆ ಬುಕ್ ಮಾಡಬೇಡಿ. ಅದು ಇಳಿಯದಿದ್ದರೆ ಅಂದು ಬೇರೆ ವಿಮಾನವಿಲ್ಲ.

ಒಂಟಿಯಾಗಿ ಹೋಗುವವರಿಗೆ ನಮ್ಮ ಮೊದಲ ಆಯ್ಕೆ ರಾತ್ರಿ ಬಸ್ಸು. ಹತ್ತೂವರೆಗೆ ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ಬೆಳಿಗ್ಗೆ ಆರು, ಆರೂವರೆಗೆ ಮಂಗಳೂರಿನ ಬಿಜೈ ಬಸ್ ನಿಲ್ದಾಣ, ಹಗಲು ಒಂದು ನಿಮಿಷವೂ ಹಾಳಾಗುವುದಿಲ್ಲ. ಸ್ಲೀಪರ್ ಆದರೆ ಬಸ್ಸಿನ ನಡುಭಾಗದ ಕೆಳ ಬರ್ತ್ ಹಿಡಿಯಿರಿ. ಮೇಲಿನ ಬರ್ತ್ ಘಾಟಿಯ ತಿರುವಿನಲ್ಲಿ ತೊಟ್ಟಿಲಿನಂತೆ ತೂಗುತ್ತದೆ, ಹಿಂಬದಿಯದು ಚಕ್ರದ ಮೇಲಿರುವುದರಿಂದ ಎತ್ತಿ ಹಾಕುತ್ತದೆ. ವಾಂತಿಯ ಭಯವಿದ್ದರೆ ಹೊಟ್ಟೆ ತುಂಬ ಉಣ್ಣಬೇಡಿ, ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮುಂಚೆಯೇ ನುಂಗಿ. ಊರಿನಿಂದ ಮರಳುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನಹಣ್ಣು ಕಟ್ಟಿಕೊಟ್ಟೇ ಕೊಡುತ್ತಾರೆ. ವಿಮಾನದಲ್ಲಿ ಸಾಮಾನ್ಯವಾಗಿ 15 ಕೆ.ಜಿ. ದಾಟಿದ ಪ್ರತಿ ಕಿಲೋಗೂ ದುಡ್ಡು ತೆರಬೇಕು, ಬಸ್ಸಿನಲ್ಲಿ ಒಂದು ಚೀಲ ಅಕ್ಕಿ ಡಿಕ್ಕಿಯಲ್ಲೇ ಬರುತ್ತದೆ.