ಶಾರ್ಕ್ ಪಳೆಯುಳಿಕೆಯ ಬೆನ್ನುಮಣಿ ನೋಡಲು 10ಎಕ್ಸ್ ಟ್ರಿಪ್ಲೆಟ್ ಲೂಪ್

ಮೂರು ಗಾಜು ಅಂಟಿಸಿ ಮಾಡಿದ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮಡಚಿ ಜೇಬಿಗೆ ಹಾಕಿಕೊಳ್ಳುವ ಲೆನ್ಸ್ ಇದು. ಬೆನ್ನುಮಣಿ ಗುರುತಿಸುವವರು ಯುಎಸ್‌ಬಿ ಮೈಕ್ರೋಸ್ಕೋಪಿಗಿಂತ ಮೊದಲು ಇದನ್ನೇ ಕೊಳ್ಳಬೇಕು. ಆನ್‌ಲೈನಿನಲ್ಲಿ ‘30ಎಕ್ಸ್, 21 ಮಿ.ಮೀ.’ (21 ಗಾಜಿನ ಅಗಲ) ಎಂದು ಅಗ್ಗಕ್ಕೆ ಮಾರುವುದನ್ನು ನಂಬಬೇಡಿ. 250ನ್ನು ಪಟ್ಟಿನಿಂದ ಭಾಗಿಸಿದರೆ ಫೋಕಸ್ ದೂರ ಮಿ.ಮೀ.ನಲ್ಲಿ ಸಿಗುತ್ತದೆ: 10 ಪಟ್ಟಿಗೆ 25, 30 ಪಟ್ಟಿಗೆ ಸುಮಾರು 8. ಎರಡೂವರೆ ಸೆಂ.ಮೀ. ದೂರದಲ್ಲಿ ಸ್ಪಷ್ಟವಾಗಿ ಕಂಡರೆ, ಮೇಲೆ ಏನೇ ಕೆತ್ತಿರಲಿ, ಅದು 10 ಪಟ್ಟಿನದೇ. ಗ್ರಾಫ್ ಹಾಳೆಯ ಮೇಲಿಟ್ಟು ನೋಡಿ. ಅಂಚಿನಲ್ಲಿ ಗೆರೆ ಬಾಗಿದರೆ ವಾಪಸ್ ಮಾಡಿ.

ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಮಣಿಯನ್ನು ಹತ್ತಿರ ತನ್ನಿ. ಟಾರ್ಚಿನ ಬೆಳಕು ಪಕ್ಕದಿಂದ, ತೀರಾ ಓರೆಯಾಗಿ ಬೀಳಬೇಕು. ನೇರ ಬೆಳಕಿನಲ್ಲಿ ಗೆರೆಗಳು ಅಳಿಸಿಹೋದಂತೆ ಕಾಣುತ್ತವೆ. ಯುಎಸ್‌ಬಿ ಮೈಕ್ರೋಸ್ಕೋಪಿನ ಸುತ್ತಲಿನ ಎಲ್‌ಇಡಿ ಮಾಡುವ ಹಾನಿಯೂ ಇದೇ.

ಮೊದಲು ಮಣಿಯ ಬದಿ ನೋಡಿ. ಶಾರ್ಕಿನದಾದರೆ ಮೇಲೆ ಎರಡು, ಕೆಳಗೆ ಎರಡು ಕುಳಿ. ಮಣಿಯ ಮೇಲಿನ, ಕೆಳಗಿನ ಕಮಾನುಗಳ ಮೃದ್ವಸ್ಥಿ ಕೂತಿದ್ದ ಜಾಗ ಅದು. ಮೃದ್ವಸ್ಥಿ ಕೊಳೆತುಹೋಗಿ ಕುಳಿ ಮಾತ್ರ ಉಳಿಯುತ್ತದೆ. ಎರಡು ಅಂಚುಗಳ ನಡುವೆ ತೆಳ್ಳನೆಯ ಹಲಗೆಗಳು ಸಾಲಾಗಿ ನಿಂತಿದ್ದರೆ ಲ್ಯಾಮ್ನಿಫಾರ್ಮ್ ಗುಂಪು, ಅಂದರೆ ದೊಡ್ಡ ಬಿಳಿ ಶಾರ್ಕಿನ ಬಳಗ. ಗೋಡೆ ಗಟ್ಟಿಯಾಗಿ, ನಯವಾಗಿದ್ದರೆ ಕಾರ್ಕರಿನಿಫಾರ್ಮ್, ಅಂದರೆ ಹುಲಿ ಶಾರ್ಕ್, ಸುತ್ತಿಗೆ ತಲೆ ಶಾರ್ಕಿನ ಬಳಗ. ಎತ್ತರಕ್ಕಿಂತ ಅಗಲ ಹೆಚ್ಚಿದ್ದು, ಒಡೆದ ಕಡೆ ಒಂದರೊಳಗೊಂದು ಉಂಗುರ ಕಂಡರೆ ಸ್ಕ್ವಾಟೀನ, ಅಂದರೆ ಏಂಜೆಲ್ ಶಾರ್ಕ್, ನೆನಪಿಗೆ ಬರಬೇಕು. ಜಾತಿಯ ಹೆಸರು ಹೇಳಲು ಸಾಮಾನ್ಯವಾಗಿ ಒಂಟಿ ಮಣಿ ಸಾಲದು, ಹಲ್ಲು ಜತೆಗಿರಬೇಕು.

ಹೆಚ್ಚು ಎಡವುವುದು ಇಕ್ತಿಯೋಸಾರಿನ, ಅಂದರೆ ಡೈನೋಸಾರ್ ಕಾಲದ ಕಡಲ ಸರೀಸೃಪದ, ಮಣಿಯಲ್ಲಿ. ತಮಿಳುನಾಡಿನ ಕಾರೈ ಶಿಲಾಸ್ತರದಲ್ಲಿ ಶಾರ್ಕ್, ಇಕ್ತಿಯೋಸಾರ್ ಎರಡರ ಅವಶೇಷಗಳೂ ಸಿಕ್ಕಿವೆ. ಎರಡರ ಮಣಿಯೂ ಎರಡು ಕಡೆ ತಗ್ಗಾದ ಬಿಲ್ಲೆ. ಆದರೆ ಇಕ್ತಿಯೋಸಾರಿನದು ನಿಜವಾದ ಮೂಳೆ: ಲೂಪಿನಲ್ಲಿ ಸಣ್ಣ ರಂಧ್ರಗಳು ಕಾಣುತ್ತವೆ, ಪಕ್ಕೆಲುಬು ಸೇರುವ ಜಾಗ ಕುಳಿಯಲ್ಲ, ಉಬ್ಬು. ಸವೆದ ಮಣಿಯಲ್ಲಿ ಉಬ್ಬು ಮಾಯವಾಗಿರುತ್ತದೆ, ಆಗ ರಂಧ್ರಗಳನ್ನೇ ನಂಬಿ. ಶಾರ್ಕ್ ಮಣಿಯ ಹಲಗೆಗಳ ಸಂದಿಯಲ್ಲಿ ಮಣ್ಣು ತುಂಬಿ ಗೋಡೆ ನಯವೆಂದು ಭ್ರಮೆ ಹುಟ್ಟುವುದೂ ಉಂಟು. ನೀರು, ಮೆತ್ತಗಿನ ಬ್ರಷ್, ಬಿದಿರುಕಡ್ಡಿ ಸಾಕು. ಆಸಿಡ್ ಬೇಡವೇ ಬೇಡ.

ಹೋಲಿಸಲು ಮಾದರಿ ಕಾಸರಗೋಡಿನವರಿಗೆ ಮೀನು ಮಾರ್ಕೆಟಿನಲ್ಲೇ ಇದೆ. ಸಣ್ಣ ತಾಟೆ (ಶಾರ್ಕ್) ಮೀನಿನ ಬೆನ್ನೆಲುಬನ್ನು ಬಿಸಿನೀರಿನಲ್ಲಿ ಅದ್ದಿ, ಮಾಂಸ ಕೆರೆದು, ನೆರಳಲ್ಲಿ ಒಣಗಿಸಿ. ತಲೆಯ ಬಳಿಯಿಂದ ಬಾಲದವರೆಗೆ ಒಂದೇ ಮೀನಿನ ಮಣಿ ಎಷ್ಟು ಬದಲಾಗುತ್ತದೆಂದು ನೋಡಿದವರು ಬಾಲದ ಮಣಿಯನ್ನು ಅಪರೂಪದ ಜಾತಿ ಎಂದು ಸಾರುವುದಿಲ್ಲ. ಪಳೆಯುಳಿಕೆಯನ್ನೇ ನಮ್ಮ ಮುರಕಲ್ಲಿನಲ್ಲಿ ಹುಡುಕುವುದು ವ್ಯರ್ಥ. ಕೇರಳದಲ್ಲಿ ಅದಕ್ಕೆ ಹೆಸರಾದದ್ದು ಕೊಲ್ಲಂ ಬಳಿಯ ಪಡಪ್ಪಕ್ಕರದ, ಕೋಟ್ಯಂತರ ವರ್ಷ ಹಿಂದಿನ ಮಯೋಸೀನ್ ಯುಗದ ಸುಣ್ಣಕಲ್ಲು.

ಲೂಪಿನ ಕೊರತೆ ಎರಡು. ಅಳತೆ ಸಿಗುವುದಿಲ್ಲ, ವರ್ನಿಯರ್ ಬೇರೆ ಬೇಕು. ಫೋಟೋ ತೆಗೆಯುವುದೂ ಕಷ್ಟ. ಆಟಿಯ ಮಳೆಗೆ ಗಾಜಿನ ಮೇಲೆ ಬೂಸ್ಟು ಹಿಡಿಯುವುದರಿಂದ ಸಿಲಿಕಾ ಜೆಲ್ ಪೊಟ್ಟಣದ ಜತೆ ಮುಚ್ಚಿದ ಡಬ್ಬಿಯಲ್ಲಿಡಿ. ಒರೆಸಲು ಅಸಿಟೋನ್ ಮುಟ್ಟಿಸಬೇಡಿ, ಗಾಜಿನ ನಡುವಿನ ಅಂಟು ಬಿಡಬಹುದು.